ಕಷಾಯದ ಚರಟ ತುಳಿಯದವಳು

ಫೇ ಜಿಂದಿ ಬೆಳಗ್ಗೆ ತರಕಾರಿಗೆಂದು ಹೊರಟರೆ ಮಳೆಯಿರಲಿ ಬಿಸಿಲಿರಲಿ ಕೈಯಲ್ಲೊಂದು ಕೊಡೆ ಇದ್ದೇ ಇರುತ್ತಿತ್ತು. ಬಿಚ್ಚಿ ಹಿಡಿಯುವುದಕ್ಕಲ್ಲ, ಕೆದಕುವುದಕ್ಕೆ. ಕಾಲುವೆಯ ಕಲ್ಲುಸೇತುವೆ ಇಳಿದಲ್ಲಿ ಮೂರು ದಾರಿ ಕೂಡುತ್ತವೆ. ಮನೆಯಲ್ಲಿ ಕಾಯಿಲೆಯವರಿದ್ದರೆ ಕಷಾಯ ಕುದಿಸಿ ಸೋಸಿ, ಮಡಕೆಯಲ್ಲಿ ಉಳಿದ ಚರಟವನ್ನು ಅಲ್ಲಿಗೇ ತಂದು ಸುರಿಯುವುದು ಆ ಊರಿನ ರೂಢಿ. ಹೋಗಿ ಬರುವವರ ಕಾಲಿಗೆ ಅಂಟಿಕೊಂಡು ಕಾಯಿಲೆ ಎತ್ತಲಾದರೂ ಹೋಗಲಿ ಅಂತ. ಬೆಳಕು ಹರಿಯುವ ಹೊತ್ತಿಗೆ ಬಂದು ಸುರಿಯುತ್ತಾರೆ, ಹಿಂದೆ ತಿರುಗಿ ನೋಡದೆ ಮನೆ ಸೇರುತ್ತಾರೆ. ಯಾರ ಮನೆಯದು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ, ಹೊರಗೆ ಹಾಕಿದ್ದನ್ನು ಮತ್ತೆ ಒಳಗೆ ಕರೆದಂತೆ.

ಜಿಂದಿಯೂ ಕೇಳುತ್ತಿರಲಿಲ್ಲ. ಕೊಡೆಯ ತುದಿಯಿಂದ ಚರಟವನ್ನು ಹರಡಿ ನೋಡುತ್ತಿದ್ದಳು, ಅಷ್ಟೇ. ರೇಷ್ಮೆ ಕಾರ್ಖಾನೆಯಿಂದ ನಿವೃತ್ತಳಾದ ಐವತ್ಮೂರು ವರ್ಷದ ಹೆಂಗಸು ನಡುರಸ್ತೆಯಲ್ಲಿ ಬಗ್ಗಿ ನಿಂತು, ಇದು ಬಾಣಂತಿಯದು, ಇದು ಮಂಡಿನೋವಿನದು, ಇದ್ಯಾರೋ ನಿದ್ದೆ ಬಾರದವರದು ಎಂದು ಗೊಣಗುವುದನ್ನು ಊರು ನೋಡಿ ನೋಡಿ ಸುಮ್ಮನಾಗಿತ್ತು. ನೋಡಿದ ಮೇಲೆ ಅದನ್ನು ಬಳಸಿಕೊಂಡು ಅಂಚಿನಿಂದ ಹೋಗುತ್ತಿದ್ದಳೇ ಹೊರತು ಒಂದು ದಿನವೂ ತುಳಿದವಳಲ್ಲ. ನಾಲ್ಕು ಜನ ಮೆಟ್ಟಿ ಹೋದರೆ ತಾನೆ ರೋಗಿಗೆ ಹಗುರವಾಗುವುದು, ಅಷ್ಟು ಉಪಕಾರ ಮಾಡಲು ನಿನಗೇನು ಧಾಡಿ ಎಂದು ಗಂಡ ಶೌಗೆನ್ ಕೇಳುತ್ತಿದ್ದ. ಅವನು ಕಾಲುವೆಯಲ್ಲಿ ಲಾಂಚು ನಡೆಸಿ ನಿವೃತ್ತನಾದವನು. ಅವನ ಪ್ರಕಾರ ಪ್ರಪಂಚದ ಸಕಲ ತೊಂದರೆಗೂ ಮೂಲ ಹೆಂಡತಿಯ ಹಟ. ತನಗೆ ಔಷಧಿ ಅಂದರೆ ಆಗುವುದಿಲ್ಲ ಎಂದು ಅವಳ ಉತ್ತರ. ಆಗದವಳು ದಿನಾ ಅದನ್ನೇ ಯಾಕೆ ಕೆದಕುತ್ತೀ ಎಂದು ಬಾಯಿಬಿಟ್ಟರೆ ಆವತ್ತು ಅವನ ಗಂಜಿಗೆ ಉಪ್ಪಿನಕಾಯಿ ಇಲ್ಲ.

ಅದು ತೊಂಬತ್ತೆಂಟರ ಚಳಿಗಾಲದ ಆರಂಭ. ಕಾಲುವೆಯ ಮೇಲೆ ಮಂಜು ಕೂತಿತ್ತು. ಸೇತುವೆ ಬುಡದಲ್ಲಿ ಆಗತಾನೆ ಸುರಿದು ಹೋದ ಚರಟ ಇನ್ನೂ ಹಬೆಯಾಡುತ್ತಿತ್ತು. ಜಿಂದಿ ಕೊಡೆಯಿಂದ ಹರಡಿದಳು. ಹಿಪ್ಪುನೇರಳೆ ಬೇರಿನ ತೊಗಟೆ, ಜರ್ದಾಲು ಬೀಜ, ಕಿತ್ತಳೆಯ ಹಳೇ ಸಿಪ್ಪೆ, ಜ್ಯೇಷ್ಠಮಧು. ಎದೆಯ ಹಳೇ ಕಾಯಿಲೆಯವರದು, ಪ್ರತಿ ಚಳಿಗಾಲಕ್ಕೂ ಕೆರಳುವಂಥದು. ಜತೆಗೆ ಎಳೆ ಎಳೆಯಾಗಿ ಕತ್ತರಿಸಿದ ಲೋಕಾಟ್ ಎಲೆ. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ಒಂದು ಎಳೆಯನ್ನು ಕೈಗೆತ್ತಿಕೊಂಡು ಮಗುಚಿ ನೋಡಿದಳು. ಬೆನ್ನ ಮೇಲೆ ಕಂದು ಬಣ್ಣದ ಸುಂಕು, ಆ ನವಿರು ರೋಮ, ಹಾಗೇ ಮೆತ್ತಿಕೊಂಡಿತ್ತು. ಇನ್ನೊಂದು ನೋಡಿದಳು, ಮತ್ತೊಂದು ನೋಡಿದಳು. ಎಲ್ಲ ಹಾಗೇ.

ಲೋಕಾಟ್ ಹಣ್ಣು ಎಷ್ಟು ಸಿಹಿಯೋ ಅದರ ಎಲೆಯ ಬೆನ್ನು ಅಷ್ಟೇ ತಂಟೆಯದು. ಕಂಬಳಿಯಂಥ ಆ ಸುಂಕನ್ನು ಉಜ್ಜಿ ತೆಗೆಯದೆ ಕುದಿಸಿದರೆ ಕಷಾಯದಲ್ಲಿ ಕಣ್ಣಿಗೆ ಕಾಣದಂತೆ ತೇಲುತ್ತದೆ, ಕುಡಿದವರ ಗಂಟಲಲ್ಲಿ ಸಿಕ್ಕಿಕೊಂಡು ಕೆರೆಯುತ್ತದೆ. ಕೆಮ್ಮಿಗೆ ಕುಡಿದದ್ದೇ ಕೆಮ್ಮಾಗುತ್ತದೆ. ಕೆಮ್ಮು ಹೆಚ್ಚಿತೆಂದು ಮನೆಯವರು ಇನ್ನೊಂದು ಬಟ್ಟಲು ಕುಡಿಸುತ್ತಾರೆ. ಇದು ಜಿಂದಿಗೆ ಗೊತ್ತಿದ್ದಷ್ಟು ಆ ಊರಿನಲ್ಲಿ ಇನ್ನೊಬ್ಬರಿಗೆ ಮಾತ್ರ ಗೊತ್ತಿತ್ತು.

ಹದಿನಾರನೆಯ ವಯಸ್ಸಿನಲ್ಲಿ ಅವಳು ಊರಿನ ಮೂಲಿಕೆ ಅಂಗಡಿಗೆ ಕೆಲಸ ಕಲಿಯಲು ಸೇರಿದ್ದಳು. ಅಂಗಡಿ ಸರ್ಕಾರದ್ದಾದರೂ ಅಲ್ಲಿ ನಡೆಯುತ್ತಿದ್ದದ್ದು ಮೂಲಿಕೆ ಕತ್ತರಿಸುವ ಬಾವ್ ಮೇಷ್ಟ್ರ ಮಾತು. ಅವರು ಕತ್ತಿ ಹಿಡಿದರೆ ಜ್ಯೇಷ್ಠಮಧುವಿನ ಬಿಲ್ಲೆ ಉಫ್ ಎಂದರೆ ಹಾರುವಷ್ಟು ತೆಳ್ಳಗೆ ಬೀಳುತ್ತಿತ್ತು. ಲೋಕಾಟ್ ಎಲೆಯನ್ನು ಸೀಳಿದರೆ ಎಳೆಯೆಳೆಯೂ ಬೆಂಕಿಕಡ್ಡಿಯಷ್ಟೇ ಅಗಲ. ಆ ಮೇಷ್ಟ್ರು ಜಿಂದಿಯನ್ನು ಹಿತ್ತಿಲಲ್ಲಿ ಕೂರಿಸಿ, ನಾರಿನ ಬ್ರಷ್ಷು ಕೊಟ್ಟು, ಎಲೆ ಉಜ್ಜುವುದನ್ನು ಕಲಿಸಿದರು. ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ತೊಟ್ಟಿನಿಂದ ತುದಿಗೆ ಉಜ್ಜಬೇಕು, ಆಮೇಲೆ ಎಲೆಯ ಬೆನ್ನನ್ನು ಕೆಳತುಟಿಯ ಒಳಗಡೆಗೆ ಸವರಿ ನೋಡಬೇಕು. ಕಣ್ಣು, ಬೆರಳು ಎರಡನ್ನೂ ನಂಬಬೇಡ, ತುಟಿಯನ್ನು ನಂಬು ಎನ್ನುತ್ತಿದ್ದರು. ಎಲೆಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಕುದಿಸಿದರೆ ಇಷ್ಟೆಲ್ಲ ತಾಪತ್ರಯವೇ ಇಲ್ಲವಲ್ಲ ಎಂದು ಯಾರಾದರೂ ಅಂದರೆ, ಗಂಟು ಇರುವುದು ಸೋಮಾರಿಗಳಿಗೆ ಎಂದು ಸಿಡುಕುತ್ತಿದ್ದರು. ಜಿಂದಿಗೆ ಆ ಸಿಡುಕು ಇಷ್ಟವಾಗಿತ್ತು. ಮನೆಯಲ್ಲಿ ಐದು ಹೆಣ್ಣುಮಕ್ಕಳಲ್ಲಿ ಮೂರನೆಯವಳು ಅವಳು. ಅವಳು ಮಾಡಿದ ಕೆಲಸವನ್ನು ಅಷ್ಟು ಹತ್ತಿರದಿಂದ ನೋಡಿದವರು ಅದುವರೆಗೆ ಯಾರೂ ಇರಲಿಲ್ಲ.

ಮರುವರ್ಷ ಚಳಿಗಾಲದಲ್ಲಿ ಊರಿಗೆಲ್ಲ ಕೆಮ್ಮು ಹಬ್ಬಿತು. ಎಲೆಗೆ ಎಲ್ಲಿಲ್ಲದ ಬೇಡಿಕೆ. ಒಬ್ಬಳಿಂದ ಆಗದೆಂದು ಮೇಷ್ಟ್ರೇ ಬಂದು ಅವಳ ಪಕ್ಕದಲ್ಲಿ ಕೂತು ಇಡೀ ದಿನ ಉಜ್ಜಿದರು. ಇಬ್ಬರ ಎಲೆಯೂ ಒಂದೇ ಬುಟ್ಟಿಗೆ ಬಿತ್ತು. ಮೂರನೆಯ ದಿನ ದೋಣಿಯವನೊಬ್ಬ ಕಷಾಯದ ಮಡಕೆಯನ್ನೇ ಹೊತ್ತು ತಂದ. ಅವನ ಮೂರು ವರ್ಷದ ಮಗಳಿಗೆ ಕುಡಿದ ಮೇಲೆ ಕೆಮ್ಮು ಇಮ್ಮಡಿಯಾಗಿ ಮುಖ ನೀಲಿಗಟ್ಟಿತ್ತು. ಮೇಷ್ಟ್ರು ಮಡಕೆಯನ್ನು ಕಟ್ಟೆಯ ಮೇಲೆ ಬೋರಲು ಹಾಕಿ, ಒಂದು ಎಳೆ ಎತ್ತಿ ತುಟಿಗೆ ಹಚ್ಚಿ, "ಯಾರು ಉಜ್ಜಿದ್ದು?" ಎಂದರು.

ನಾನೂ ಉಜ್ಜಿದ್ದೆ ಎಂದು ಅವರೇ ಹೇಳುತ್ತಾರೆಂದು ಜಿಂದಿ ಕಾದಳು. ಅವರು ಹೇಳಲಿಲ್ಲ. ಅವಳ ಕಡೆ ನೋಡಿ, ನಾಳೆಯಿಂದ ಬರಬೇಡ ಎಂದರು. ಮಗು ವಾರದೊಳಗೆ ಚೇತರಿಸಿಕೊಂಡಿತು. ಜಿಂದಿಯನ್ನು ರೇಷ್ಮೆ ಕಾರ್ಖಾನೆಗೆ ಹಾಕಿದರು.

ಕುದಿನೀರಿನಿಂದ ಗೂಡು ತೆಗೆದು ಎಳೆ ಹಿಡಿಯುವ ಕೆಲಸ. ಮೂವತ್ಮೂರು ವರ್ಷ ಮಾಡಿದಳು. ಬೆರಳ ಸಂದಿ ಬಿಳಿಚಿಕೊಂಡು ಬಿರಿಯಿತು. ಮದುವೆಯಾಯಿತು, ಮಗಳು ಹುಟ್ಟಿದಳು, ಮಗಳ ಮದುವೆಯೂ ಆಯಿತು. ಎರಡು ಸಲ ಕಾರ್ಖಾನೆಯಲ್ಲಿ ಒಳ್ಳೆಯ ಕೆಲಸಗಾರ್ತಿ ಎಂದು ಕೆಂಪು ಹೂ ಸಿಕ್ಕಿಸಿದರು. ಆದರೂ ಎಳೆ ಹಿಡಿದು ಕೂತಾಗೆಲ್ಲ ಅದೇ ಲೆಕ್ಕಾಚಾರ: ಆ ಎಲೆ ಯಾರದು? ಒಂದೊಂದನ್ನೂ ತುಟಿಗೆ ಹಚ್ಚಿ ನೋಡಿದ್ದೆ ಅಂತ ಖಾತ್ರಿಯಾಗುತ್ತಿತ್ತು. ಮರುಗಳಿಗೆಯೇ, ಸಂಜೆ ಕೈ ಮರಗಟ್ಟಿದಾಗ ಕೊನೆಯ ಹತ್ತು ಎಲೆಯನ್ನು ನೋಡಿದ್ದೆನೋ ಇಲ್ಲವೋ ಎಂಬ ಅನುಮಾನ ಹೊಗುತ್ತಿತ್ತು. ಅನುಮಾನಕ್ಕೆ ಸಾವಿಲ್ಲದೆ ಅದಕ್ಕೂ ಅವಳ ಜತೆಗೇ ವಯಸ್ಸಾಗುತ್ತ ಬಂತು. ಸೇತುವೆ ಬುಡದಲ್ಲಿ ಕೆದಕುವ ಚಟ ಹತ್ತಿದ್ದೂ ಆವಾಗಲೇ. ತುಳಿಯದ ಹಟ ಬಂದದ್ದೂ ಆವಾಗಲೇ. ಮಗುವಿನ ಕಾಯಿಲೆ ಹೆಚ್ಚಿಸಿದವಳು ಎಂದು ಹೊರಗೆ ಹಾಕಿದಿರಲ್ಲ, ಇನ್ನು ನಿಮ್ಮ ಕಾಯಿಲೆ ಇಳಿಸುವ ಕೆಲಸ ನನಗೇಕೆ ಎಂಬ ಸಿಟ್ಟು ಅದು. ಬಾವ್ ಮೇಷ್ಟ್ರ ಮನೆಯಿರುವ ಬೀದಿಗೂ ಅವಳು ಕಾಲಿಟ್ಟಿರಲಿಲ್ಲ. ಊರು ಎರಡು ಫರ್ಲಾಂಗು, ಸುತ್ತಿ ಹೋಗುವುದಕ್ಕೆ ಅವಳು ತುಳಿದ ದಾರಿ ಅದಕ್ಕಿಂತ ಉದ್ದ.

ಈಗ ಅಂಗೈಯಲ್ಲಿದ್ದ ಎಳೆ ಬೆಂಕಿಕಡ್ಡಿಯಷ್ಟೇ ಅಗಲವಾಗಿತ್ತು. ಚರಟದಲ್ಲಿದ್ದ ಎಲ್ಲ ಎಳೆಯೂ ಅಷ್ಟೇ ಅಗಲ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ. ಅಂಥ ಕತ್ತಿಯ ಕೈ ಊರಿನಲ್ಲಿ ಒಂದೇ. ಜಿಂದಿಗೆ ಅದು ನೋಡಿದ ಕ್ಷಣವೇ ತಿಳಿಯಿತು. ತಿಳಿದದ್ದನ್ನು ತಿಳಿಯದ ಹಾಗೆ ಎದ್ದು ಹೋಗಿ ಸೊಪ್ಪು ಕೊಂಡಳು.

ಅಲ್ಲಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಮೂಲಿಕೆ ಅಂಗಡಿಗೆ ಹೋಗಿ ಕಟ್ಟೆಯ ಹಿಂದಿದ್ದ ಹುಡುಗಿಗೆ ನಿಮ್ಮ ಎಲೆಯಲ್ಲಿ ಸುಂಕಿದೆಯಾ ಎಂದು ದಬಾಯಿಸಿದಳು. ನಮಗೆ ಎಲೆ ಉಜ್ಜಿಯೇ ಬರುತ್ತದೆ, ಮೇಲೆ ಬಟ್ಟೆಯ ಚೀಲವನ್ನೂ ಕೊಡುತ್ತೇವೆ ಎಂದು ಆ ಹುಡುಗಿ ತೋರಿಸಿದಳು. ಅಲ್ಲಿನದಲ್ಲ ಎಂದು ಜಿಂದಿಗೆ ಮೊದಲೇ ಗೊತ್ತಿತ್ತು. ಸುಮ್ಮನೆ ಕಾಲಿಗೆ ಒಂದು ಕೆಲಸ ಬೇಕಾಗಿತ್ತು. ಮನೆಗೆ ಬಂದು ಮೀನಿಗೆ ಎರಡು ಸಲ ಉಪ್ಪು ಹಾಕಿದಳು. ನೆಲ ಒರೆಸಿದ ಮೇಲೆ ಮತ್ತೆ ಒರೆಸಿದಳು. ದಿನ ಬಿಟ್ಟು ದಿನ ಚರಟ ಬೀಳುತ್ತಿತ್ತು, ಪ್ರತಿ ಸಲವೂ ಅದೇ ಸುಂಕು. ನಾಲ್ಕನೆಯ ಸಲ ರಾಶಿ ಎರಡರಷ್ಟಿತ್ತು. ಕೆಮ್ಮು ಜಾಸ್ತಿಯಾಗಿದೆ, ಅದಕ್ಕೇ ಔಷಧಿಯನ್ನೂ ಜಾಸ್ತಿ ಮಾಡಿದ್ದಾರೆ.

ಸೇತುವೆ ಪಕ್ಕದಲ್ಲಿ ಸೋಯಾ ಹಾಲು ಮಾರುವ ಮುದುಕಿ ಕೇಳದಿದ್ದರೂ ಸುದ್ದಿ ಬಡಿಸುವವಳು. ಬಾವ್ ಮೇಷ್ಟ್ರದು ಇನ್ನು ಹೆಚ್ಚು ದಿನ ಇಲ್ಲ, ಮಲಗಲಾಗದೆ ಕೂತೇ ಇರುತ್ತಾರೆ, ಆಸ್ಪತ್ರೆಯವರು ಉಸಿರಿಗೆಂದು ಬಾಯಿಗೆ ಹೊಡೆದುಕೊಳ್ಳುವ ಪಂಪು ಕೊಟ್ಟಿದ್ದಾರೆ, ಕಷಾಯವನ್ನಂತೂ ತಾವೇ ಕಾಯಿಸಿಕೊಳ್ಳಬೇಕು, ಸೊಸೆಯನ್ನು ಮಡಕೆಯ ಹತ್ತಿರ ಸುಳಿಯಗೊಡುವುದಿಲ್ಲ ಎಂದಳು. ಜಿಂದಿ ಹಾಲಿನ ಬಟ್ಟಲನ್ನು ಅರ್ಧಕ್ಕೇ ಇಟ್ಟು ಎದ್ದಳು.

ಆ ಮಧ್ಯಾಹ್ನ ಶೌಗೆನ್ ಚಾಪ್‌ಸ್ಟಿಕ್ಕು ಕೆಳಗಿಟ್ಟು ಕೇಳಿಯೇಬಿಟ್ಟ. ವಾರದಿಂದ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದೀಯ, ಏನಾಗಿದೆ ಎಂದ. ಅವಳು ಹೇಳಿದಳು. ಅವನು ಕೇಳಿಕೊಂಡು, ಮೀನಿನ ಮುಳ್ಳು ತೆಗೆದು ತಟ್ಟೆಯಂಚಿಗಿಟ್ಟ.

"ಹೋಗಿ ಹೇಳ್ಬಿಟ್ಟು ಬಾ."

"ಏನಂತ?"

"ಎಲೆ ಸರಿಯಾಗಿ ಉಜ್ಜಿಲ್ಲ ಅಂತ."

"ಹೇಳೋಕೆ ನಾನೇ ಬೇಕಾ?"

"ನಿನ್ನಷ್ಟು ಖುಷಿಯಾಗಿ ಇನ್ಯಾರು ಹೇಳ್ತಾರೆ?"

ಜಿಂದಿಗೆ ಕಪಾಳಕ್ಕೆ ಬಿದ್ದಂತಾಯಿತು, ಯಾಕೆಂದರೆ ಅದು ನಿಜ. ಆ ಮುದುಕ ಉಸಿರಿಗೆ ಒದ್ದಾಡುತ್ತಿರುವುದು ಅವಳಿಗೆ ಸಂಕಟ ತಂದಿತ್ತು, ಸುಳ್ಳಲ್ಲ. ಆದರೆ ಸಂಕಟದ ಪಕ್ಕದಲ್ಲೇ ಒಂದು ಸಣ್ಣ ಕುಣಿತವೂ ಇತ್ತು. ಮೂವತ್ತಾರು ವರ್ಷದ ಮೇಲೆ ಅವರ ಎಲೆ ಅವಳ ಕೈಗೆ ಸಿಕ್ಕಿತ್ತು. ಯಾರು ಉಜ್ಜಿದ್ದು ಎಂದು ಅವರು ಕೇಳಬೇಕು, ನೀವೇ ಎಂದು ತಾನು ಹೇಳಬೇಕು. ಹೇಳುವ ಧಾಟಿಯನ್ನೂ ಪಾತ್ರೆ ತೊಳೆಯುತ್ತ ಅಭ್ಯಾಸ ಮಾಡಿಯಾಗಿತ್ತು. ತಾನು ಇಷ್ಟು ಕೆಟ್ಟವಳೇ ಎಂದು ನಾಚಿಕೆಯಾಯಿತು. ನಾಚಿಕೆಯಾದರೂ ಕುಣಿತ ನಿಲ್ಲಲಿಲ್ಲ.

ಮರುದಿನ ಸೇತುವೆ ಬುಡದಿಂದ ನಾಲ್ಕು ಎಳೆ ಎತ್ತಿ, ಕರವಸ್ತ್ರದಲ್ಲಿ ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡು ಬಾವ್ ಮೇಷ್ಟ್ರ ಬೀದಿಗೆ ಕಾಲಿಟ್ಟಳು.

ಬಾಗಿಲು ತೆರೆದವಳು ಸೊಸೆ ಆಫೆಂಗ್. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. ಅಂಗಳದಲ್ಲಿ ಲೋಕಾಟ್ ಮರ ಹೂ ಬಿಟ್ಟು ನಿಂತಿತ್ತು, ಕೈಗೆಟಕುವ ಕೊಂಬೆಗಳಲ್ಲಿ ಎಲೆಯೇ ಇರಲಿಲ್ಲ. ಜಿಂದಿ ತಾನು ಯಾರೆಂದು ಹೇಳದೆ, ಪೀಠಿಕೆ ಹಾಕದೆ, ಮಾವನವರ ಎಲೆಯಲ್ಲಿ ಸುಂಕಿದೆ ನೋಡಮ್ಮ ಎಂದು ಕರವಸ್ತ್ರ ಬಿಚ್ಚಿದಳು. ಆಫೆಂಗ್ ಒಂದು ಹೆಜ್ಜೆ ಹಿಂದೆ ಸರಿದಳು. ಜಿಂದಿಗೆ ತಾನು ಮಾಡಿದ ಎಡವಟ್ಟು ಆಗ ಹೊಳೆಯಿತು. ರಸ್ತೆಗೆ ಹಾಕಿದ ಚರಟವನ್ನು ರೋಗಿಯ ಮನೆಯ ಹೊಸ್ತಿಲೊಳಗೆ ತಂದವರು ಆ ಊರಿನಲ್ಲಿ ಅದುವರೆಗೆ ಯಾರೂ ಇದ್ದಿರಲಾರರು.

"ನಾನು ಹಿಂದೆ ತಿರುಗಿ ನೋಡದೆ ಬಂದಿದ್ದೀನಿ," ಎಂದಳು ಆಫೆಂಗ್. "ನೀವು ಅದನ್ನ ಹೊತ್ಕೊಂಡು ಮನೆಗೇ ಬಂದ್ರಲ್ಲಮ್ಮ. ನಾನು ನಿಮಗೇನು ಮಾಡಿದ್ದೆ?"

ಜಿಂದಿ ಎಳೆಗಳನ್ನು ಮತ್ತೆ ಕರವಸ್ತ್ರದಲ್ಲಿ ಮುದುಡಿದಳು. ಹೊರಗೆ ಎಸೆಯಲೋ ಜೇಬಿಗೆ ಹಾಕಲೋ ತಿಳಿಯದೆ ನಿಂತಳು. ಒಳಗಿನಿಂದ ತೂತುಬಿದ್ದ ತಿದಿಯಂಥ ಉಸಿರಿನ ಶಬ್ದ ಬರುತ್ತಿತ್ತು. ಆ ಶಬ್ದದ ನಡುವೆಯೇ ಯಾರದು ಎಂಬ ಪ್ರಶ್ನೆ ಬಂತು. ಜಿಂದಿ, ಫೇ ಜಿಂದಿ ಎಂದಳು ಅವಳು.

"ಕಾಲೆಳ್ಕೊಂಡು ನಡೆಯೋದು ಇನ್ನೂ ಬಿಟ್ಟಿಲ್ಲ ನೀನು," ಎಂದಿತು ಒಳಗಿನ ದನಿ. "ಬಾ ಇಲ್ಲಿ. ಏನು ತಂದಿದ್ದೀ, ಕೊಡು."

ಎಂಬತ್ನಾಲ್ಕರ ಬಾವ್ ಮೇಷ್ಟ್ರು ಹತ್ತಿಯ ಕೋಟು ತೊಟ್ಟು ಮೇಜಿಗೆ ಮೊಣಕೈ ಊರಿ ಕೂತಿದ್ದರು. ಹೆಗಲು ಎರಡೂ ಕಿವಿಯತ್ತ ಏರಿದ್ದವು, ಪ್ರತಿ ಉಸಿರನ್ನೂ ಬಾವಿಯಿಂದ ಸೇದಿದಂತೆ ಸೇದುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಮೇಜಿನ ಮೇಲೆ ಕತ್ತಿ, ಮಣೆ, ಒಂದಷ್ಟು ಹಸಿ ಎಲೆ, ಸವೆದು ಅರ್ಧವಾದ ನಾರಿನ ಬ್ರಷ್ಷು. ಪಕ್ಕದಲ್ಲಿ ಆಸ್ಪತ್ರೆಯ ಪಂಪು. ಆಫೆಂಗ್ ಬಾಗಿಲಲ್ಲೇ ನಿಂತು, ಅಪ್ಪಾಜಿ ಅದನ್ನು ಮುಟ್ಟಬೇಡಿ ಎಂದಳು. ಅವರು ಕೈ ಚಾಚಿಯೇ ಇದ್ದರು.

ಜಿಂದಿ ಒಂದು ಎಳೆಯನ್ನು ಅವರ ಅಂಗೈಗೆ ಇಟ್ಟಳು. ಮೇಷ್ಟ್ರು ಬೆರಳಿನಿಂದ ಸವರಿದರು, ಏನೂ ಗೊತ್ತಾಗಲಿಲ್ಲವೆಂದು ಮುಖವೇ ಹೇಳಿತು. ಆಮೇಲೆ ಕೆಳತುಟಿಯನ್ನು ಹೊರಚಾಚಿ ಎಲೆಯ ಬೆನ್ನನ್ನು ಒಳಗಡೆಗೆ ಹಚ್ಚಿದರು. ಹಚ್ಚಿ ಹಾಗೇ ಇದ್ದರು. ಎರಡನೆಯದನ್ನು ಕೇಳಿ ಪಡೆದು ಅದನ್ನೂ ಹಚ್ಚಿ ನೋಡಿದರು.

"ಯಾರು ಉಜ್ಜಿದ್ದು?"

ಅದೇ ದನಿ, ಅದೇ ಮಾತು. ಜಿಂದಿಯ ಉತ್ತರ ನಾಲಗೆಯ ತುದಿಯಲ್ಲಿತ್ತು, ಮೂವತ್ತಾರು ವರ್ಷದಿಂದ ತಿದ್ದಿ ತೀಡಿದ್ದು. ಅವರ ಕೊರಳಿನ ನರ ಒಂದೊಂದು ಉಸಿರಿಗೂ ಉಬ್ಬಿ ಇಳಿಯುವುದನ್ನು ಅವಳು ನೋಡಿದಳು.

"ನಾನು," ಎಂದಳು.

ಆ ಮನೆಯಲ್ಲಿ ಮೇಷ್ಟ್ರ ಹೊರತು ಇನ್ನೊಬ್ಬರು ಬ್ರಷ್ಷು ಮುಟ್ಟುವಂತಿರಲಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

"ಸುಳ್ಳು ಹೇಳ್ಬೇಡ," ಎಂದರು ಮೇಷ್ಟ್ರು. ಉಸಿರು ಕೂಡಿಸಿಕೊಳ್ಳಲು ತಡೆದರು. "ನೀನು ಉಜ್ಜಿದ್ದು ಹೀಗಿರಲ್ಲ. ಆವತ್ತೂ ಅಷ್ಟೇ. ನೀನು ಒಂದೊಂದನ್ನೂ ತುಟಿಗೆ ಹಚ್ಚಿ ನೋಡ್ತಿದ್ದೆ. ನಾನು ನೋಡ್ತಿರಲಿಲ್ಲ. ನನ್ನ ಕೈಗ್ಯಾಕೆ ಪರೀಕ್ಷೆ ಅಂತ."

"ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

ಈ ಮಾತು ಕೇಳಿದ ದಿನ ಅಳು ಬರುತ್ತದೆ, ಎದೆ ಹಗುರಾಗುತ್ತದೆ ಎಂದು ಜಿಂದಿ ಇಷ್ಟು ವರ್ಷ ಅಂದುಕೊಂಡಿದ್ದಳು. ಅಳು ಬರಲಿಲ್ಲ. ಬಂದದ್ದು ಕೋಪ, ಅಂಗಾಲಿನಿಂದ ನೆತ್ತಿಗೆ. ಬಿರಿದ ಬೆರಳು, ಕುದಿನೀರು, ಎಣಿಸಿ ಎಣಿಸಿ ಸವೆದ ಆ ಕೊನೆಯ ಹತ್ತು ಎಲೆ. ಇವರಿಗೆ ಗೊತ್ತಿತ್ತಂತೆ. ಎರಡು ಬೀದಿ ಆಚೆ ಕೂತು, ಗೊತ್ತಿದ್ದೂ ಉಂಡು ಮಲಗಿದ್ದರಂತೆ. ಎದ್ದು ಹೋಗಿಬಿಡೋಣ, ಸುಂಕು ಕುಡಿದುಕೊಂಡೇ ಇರಲಿ ಎಂದು ಅವಳಿಗೆ ನಿಜಕ್ಕೂ ಅನ್ನಿಸಿತು. ಬಾಗಿಲ ಕಡೆ ತಿರುಗಿಯೂ ಆಗಿತ್ತು.

ಅಷ್ಟರಲ್ಲಿ ಮೇಷ್ಟ್ರಿಗೆ ಕೆಮ್ಮು ಹತ್ತಿತು. ಮೇಜಿನ ಅಂಚು ಹಿಡಿದು, ಮುಖ ಕಪ್ಪಿಟ್ಟು, ಬಿಡದೆ ಕೆಮ್ಮಿದರು. ಆಫೆಂಗ್ ಓಡಿ ಬಂದು ಬಾಯಿಗೆ ಪಂಪು ಹಿಡಿದಳು. ಜಿಂದಿ ಬೆನ್ನು ನೀವಿದಳು. ಕೋಟಿನೊಳಗೆ ಬರೀ ಮೂಳೆ ಕೈಗೆ ತಾಗಿತು. ಕೆಮ್ಮು ತಗ್ಗಿದ ಮೇಲೆ ಅವರು ಬ್ರಷ್ಷನ್ನು ಹುಡುಕಿ ಹಿಡಿದು, ಅವಳಿದ್ದ ಕಡೆಗೆ ಮೇಜಿನ ಮೇಲೆ ತಳ್ಳಿದರು. ಕ್ಷಮಿಸು ಅನ್ನುವ ಮಾತು ಆ ಬಾಯಿಂದ ಬರುವುದಿಲ್ಲವೆಂದು ಜಿಂದಿಗೆ ಗೊತ್ತಿತ್ತು, ಬರಲೂ ಇಲ್ಲ.

ಅವಳು ಸ್ಟೂಲು ಎಳೆದುಕೊಂಡು ಕೂತಳು. ಒದ್ದೆ ಬಟ್ಟೆ ಕೇಳಿ ತರಿಸಿಕೊಂಡಳು. ಕೋಪ ಇಳಿದಿರಲಿಲ್ಲ, ಅದೇ ಕೋಪದಲ್ಲಿ ಉಜ್ಜಿದಳು, ತೊಟ್ಟಿನಿಂದ ತುದಿಗೆ. ಸುಂಕು ಎದ್ದು ಮೂಗಿಗೆ ಏರಿ ಸೀನು ಬಂತು. ಮೊದಲ ಎಲೆಯನ್ನು ತನ್ನ ತುಟಿಗೆ ಹಚ್ಚಿ ನೋಡಿ ಅವರಿಗೆ ಕೊಟ್ಟಳು. ಅವರು ತಮ್ಮ ತುಟಿಗೆ ಹಚ್ಚಿ ನೋಡಿ ಮಣೆಯ ಪಕ್ಕಕ್ಕಿಟ್ಟರು. ಎರಡನೆಯದನ್ನೂ ಇಟ್ಟರು. ಮೂರನೆಯದನ್ನು ವಾಪಸು ಚಾಚಿದರು.

"ತೊಟ್ಟಿನ ಹತ್ತಿರ ಉಳಿದಿದೆ."

ಜಿಂದಿ ಕಿತ್ತುಕೊಂಡು ನೋಡಿದಳು. ಹೌದು, ಉಗುರಿನಷ್ಟು ಉಳಿದಿತ್ತು. ಇನ್ನು ಮೇಲೆ ಬಟ್ಟೆಯ ಗಂಟಿನಲ್ಲಿ ಕಟ್ಟಿಯೇ ಕುದಿಸುವುದು, ನಾನೇ ದಿನ ಬಿಟ್ಟು ದಿನ ಬಂದು ನೋಡುತ್ತೇನೆ ಎಂದು ಆಫೆಂಗ್‌ಗೆ ಜೋರಾಗಿ ಹೇಳಿದಳು. ಗಂಟು ಸೋಮಾರಿಗಳಿಗೆ ಎಂದು ಮೇಷ್ಟ್ರು ಗೊಣಗಿದರು. ಸೋಮಾರಿಗಳೇ ಅಂದುಕೊಳ್ಳಿ ಎಂದು ಜಿಂದಿ ಮತ್ತೆ ಉಜ್ಜತೊಡಗಿದಳು.

ಮರುದಿನ ಬೆಳಗ್ಗೆ ಅವಳು ಸೇತುವೆ ಇಳಿಯುವಾಗ ಚರಟ ಬಿದ್ದಿತ್ತು. ಕೊಡೆಯ ತುದಿಯಿಂದ ಹರಡಿದಳು. ಬೇರಿನ ತೊಗಟೆ, ಕಿತ್ತಳೆ ಸಿಪ್ಪೆ, ಜರ್ದಾಲು ಬೀಜ. ನಡುವೆ ಒಂದು ಪುಟ್ಟ ಬಟ್ಟೆಯ ಗಂಟು. ಬಿಚ್ಚಿ ಒಂದು ಎಳೆಯನ್ನು ಮಗುಚಿ ನೋಡಿದಳು. ಬೆನ್ನು ಬೋಳಾಗಿ, ನರ ಎದ್ದು ಕಾಣುತ್ತಿತ್ತು. ಈ ಚಳಿಗಾಲ ಮೇಷ್ಟ್ರು ದಾಟುತ್ತಾರೋ ಇಲ್ಲವೋ ಅದನ್ನು ಆ ಎಲೆ ಹೇಳಲಾರದು. ಅವರ ಮೇಲಿನ ಸಿಟ್ಟೂ ಹೋಗಿರಲಿಲ್ಲ.

ಸೋಯಾ ಹಾ‌ಲಿನ ಮುದುಕಿ ಇತ್ತಲೇ ನೋಡುತ್ತಿದ್ದಳು. ಜಿಂದಿ ಅಂಚಿನಿಂದ ಬಳಸಿ ಹೋಗಲು ಎತ್ತಿದ ಕಾಲನ್ನು ಹಿಂದಕ್ಕೆ ತಂದು, ಚರಟದ ಮಧ್ಯಕ್ಕೇ ಇಟ್ಟಳು. ಇನ್ನೊಂದು ಕಾಲನ್ನೂ ಇಟ್ಟಳು. ಹಿಮ್ಮಡಿಯೂರಿ ಚೆನ್ನಾಗಿ ಮೆಟ್ಟಿ, ಅಂಟಿದ ಕಾಲಿನಲ್ಲೇ ಕಾಲುವೆಯ ದಂಡೆ ಹಿಡಿದು ಊರಾಚೆಯ ಸಂತೆಯವರೆಗೂ ನಡೆದು ಹೋದಳು.